ಅದು ಕಡ್ಡಿ ಅಲ್ಲ, ಗಿಡ

ಕೂತಿರಾ? ಸರಿಯಾಗಿ ಕೂರಿ. ಕತೆ ಶುರುವಾದ ಮೇಲೆ ನೀರು ಬೇಕು ಅನ್ನಬಾರದು.

ಒಂದು ಓಣಿ ಇತ್ತು. ಹುಣಸೆಗಿಡದ ಓಣಿ ಅಂತ ಅದರ ಹೆಸರು. ಆ ಓಣಿಯಲ್ಲಿ ಹುಣಸೆಗಿಡ ಇರಲಿಲ್ಲ. ಬೇವಿನ ಗಿಡ ಇತ್ತು. ಯಾಕೆ ಅಂತ ನನ್ನ ಕೇಳಬೇಡಿ. ಹೆಸರು ಇಟ್ಟವಳು ನಾನಲ್ಲ.

ಆ ಓಣಿಯಲ್ಲಿ ಸಾವಂತ್ರಿ ಇದ್ದಳು. ಆರು ವರ್ಷದವಳು. ಸಾವಂತ್ರಿ ಹಾಕಿಕೊಂಡ ಫ್ರಾಕು ಅಕ್ಕನದು. ಬರೆಯುವ ಪಾಟಿ ಅಣ್ಣನದು. ಚಪ್ಪಲಿ ಯಾರದೋ. ಒಂದು ಗಿಡ ಮಾತ್ರ ಸಾವಂತ್ರಿಯದು. ಕೆಂಪು ದಾಸವಾಳದ ಗಿಡ. ಬಾಗಿಲ ಪಕ್ಕದಲ್ಲಿ, ಎಣ್ಣೆ ಡಬ್ಬಿಯಲ್ಲಿ. ದಿನಾ ಬೆಳಿಗ್ಗೆ ಒಂದು ಹೂವು ಬಿಡುತ್ತಿತ್ತು. ದಿನಾ ಬೆಳಿಗ್ಗೆ ಸಾವಂತ್ರಿ ಒಂದು ತಂಬಿಗೆ ನೀರು ಹಾಕುತ್ತಿದ್ದಳು.

ಒಂದು ದಿನ ಬೆಳಿಗ್ಗೆ ಆಡು ಬಂತು.

ಆಡು ಹೂವು ತಿಂದಿತು. ಎಲೆ ತಿಂದಿತು. ಟೊಂಗೆ ತಿಂದಿತು. ಡಬ್ಬಿ ಉರುಳಿಸಿತು. ಬೇರು ಎಳೆದು ಬೇರನ್ನೂ ತಿಂದಿತು. ಬಾಯಿ ಒರೆಸಿಕೊಳ್ಳದೆ ಹೋಯಿತು. ಯಾರ ಆಡು ಅಂತ ಓಣಿಯವರನ್ನೆಲ್ಲ ಕೇಳಿದರೆ ಯಾರದೂ ಅಲ್ಲ.

ಹೋಗುವಾಗ ಆಡಿನ ಬಾಯಿಂದ ಒಂದು ಕಡ್ಡಿ ಬಿತ್ತು. ಒಂದು ಗೇಣುದ್ದ. ನಾಲ್ಕು ಎಲೆ. ಎಲೆ ಇರುವಲ್ಲೆಲ್ಲ ಒಂದೊಂದು ಕಣ್ಣು. ಗಿಡಕ್ಕೂ ಕಣ್ಣು ಇರುತ್ತದೆ, ಚಿಗುರು ಅಲ್ಲಿಂದಲೇ ಬರುತ್ತದೆ. ನಾಲ್ಕು ಎಲೆ, ನಾಲ್ಕು ಕಣ್ಣು.

ಸಾವಂತ್ರಿ ಬಂದಳು. ಡಬ್ಬಿ ನೋಡಿದಳು. ಗಿಡ ಇಲ್ಲ. ಕುಕ್ಕರಗಾಲಲ್ಲಿ ಕೂತು ಜೋರಾಗಿ ಅತ್ತಳು.

"ಅಳಬ್ಯಾಡ," ಅಂತು ಕಡ್ಡಿ. "ನಾ ಅದೀನಲ್ಲ."

"ನೀ ಯಾರು?" ಅಂದಳು ಸಾವಂತ್ರಿ.

"ನಾ ನಿನ್ನ ಗಿಡ. ನನಗ ಉಸುಕು ಬೇಕು. ಮಣ್ಣು ಬ್ಯಾಡ, ಕೆಸರು ಬ್ಯಾಡ. ಹಸಿ ಉಸುಕು ಬೇಕು. ಉಸುಕು ಸಿಕ್ಕರ ನಾ ಬೇರು ಬಿಡತೀನಿ. ಉಸುಕು ಸಿಗದಿದ್ದರ ಬಿಡೂದಿಲ್ಲ."

ಸಾವಂತ್ರಿ ಅಳು ನಿಲ್ಲಿಸಿದಳು. ಫ್ರಾಕಿನ ಅಂಚನ್ನು ನೀರಲ್ಲಿ ಅದ್ದಿದಳು. ಒದ್ದೆ ಅಂಚಲ್ಲಿ ಕಡ್ಡಿಯ ಬುಡ ಸುತ್ತಿಕೊಂಡಳು. ಉಸುಕು ಅಂದರೆ ಮರಳು. ಅದನ್ನು ಹುಡುಕಿಕೊಂಡು ಹೊರಟಳು.

ನಾನು ಕಡ್ಡಿ ಅಂತೀನಿ. ನೀವು ಸಾವಂತ್ರಿ ಮುಂದೆ ಹಾಗೆ ಅನ್ನಬೇಡಿ.

ಉಸುಕು ಯಾರ ಹತ್ತಿರ ಇತ್ತು? ಗೌಂಡಿ ರಾಜೇಸಾಬನ ಹತ್ತಿರ ಇತ್ತು. ಗೌಂಡಿ ಅಂದರೆ ಗೋಡೆ ಕಟ್ಟುವವನು. ಓಣಿಯ ತುದಿಯಲ್ಲಿ ಗೋಡೆ ಕಟ್ಟುತ್ತಿದ್ದ. ಪಕ್ಕದಲ್ಲಿ ಉಸುಕಿನ ಗುಡ್ಡೆ. ಸಾವಂತ್ರಿ ಅಲ್ಲಿಗೆ ಹೋದಳು.

"ರಾಜೇಸಾಬ ಕಾಕಾ, ಉಸುಕು ಕೊಡ.
ಉಸುಕು ಗಿಡಕ್ಕ.
ಗಿಡ ಬೇರು ಬಿಡತೈತಿ.
ಆಡು ತಿಂದ ದಾಸಾಳ ತಿರುಗಿ ಬರತೈತಿ."

"ಗಿಡ ಎಲ್ಲೈತಿ?" ಅಂದ ಗೌಂಡಿ.

"ಇದ."

"ಛಲೋ ಕಡ್ಡಿ," ಅಂದ ಗೌಂಡಿ. "ಇಲ್ಲಿ ಕೊಡ. ಸುಣ್ಣ ಕಲಸಾಕ ಆಗತೈತಿ."

"ಇದು ಕಡ್ಡಿ ಅಲ್ಲ. ಗಿಡ."

ಗೌಂಡಿ ಮತ್ತೊಮ್ಮೆ ನೋಡಿದ. ಕಡ್ಡಿಯೇ.

"ಇರಲಿ," ಅಂದ. "ಆದರ ಉಸುಕು ಕೊಡೂದಿಲ್ಲ. ಇದರಾಗ ಕಲ್ಲು ಅದಾವ. ಸೋಸದ ಉಸುಕು ನಾ ಯಾರಿಗೂ ಕೊಟ್ಟಿಲ್ಲ. ನನ್ನ ಜರಡಿ ಹರದೈತಿ. ಜರಡಿ ತಗೊಂಡ ಬಾ, ಸೋಸಿ ಕೊಡತೀನಿ."

ಗೌಂಡಿ ಕೊಡಲಿಲ್ಲ. ಒಂದು ಎಲೆ ಬಾಡಿತು. ಬಿತ್ತು.

"ಬಿಸಲು ಭಾಳ ಐತಿ, ಸಾವಂತ್ರಿ," ಅಂತು ಕಡ್ಡಿ.

ಸಾವಂತ್ರಿ ಫ್ರಾಕಿನ ಅಂಚು ಮತ್ತೆ ಅದ್ದಿದಳು. ಹೊರಟಳು.

ಜರಡಿ ಯಾರ ಹತ್ತಿರ ಇತ್ತು? ಗಿರಣಿ ಈರಣ್ಣನ ಹತ್ತಿರ ಇತ್ತು. ಜೋಳ ಹಸನು ಮಾಡುವ ದೊಡ್ಡ ಜರಡಿ. ಗಿರಣಿ ಮುಂದೆ ಹೆಂಗಸರು ಜೋಳದ ಪುಟ್ಟಿ ಇಟ್ಟುಕೊಂಡು ನಿಂತಿದ್ದರು. ಗಿರಣಿ ಸುಮ್ಮನಿತ್ತು. ಹೆಂಗಸರು ಸುಮ್ಮನಿರಲಿಲ್ಲ. ಸಾವಂತ್ರಿ ಅವರ ನಡುವೆ ನುಸುಳಿ ಒಳಗೆ ಹೋದಳು.

"ಈರಣ್ಣ ಕಾಕಾ, ಜರಡಿ ಕೊಡ.
ಜರಡಿ ಗೌಂಡಿಗೆ.
ಗೌಂಡಿ ಉಸುಕು ಕೊಡತಾನ.
ಉಸುಕು ಗಿಡಕ್ಕ.
ಗಿಡ ಬೇರು ಬಿಡತೈತಿ.
ಆಡು ತಿಂದ ದಾಸಾಳ ತಿರುಗಿ ಬರತೈತಿ."

"ಗಿಡ ಎಲ್ಲೈತಿ?" ಅಂದ ಈರಣ್ಣ.

"ಇದ."

"ಛಲೋ ಕಡ್ಡಿ," ಅಂದ ಈರಣ್ಣ. "ಇಲ್ಲಿ ಕೊಡ. ಗಿರಣಿ ಬಾಯಾಗ ಹಿಟ್ಟು ಕಟ್ಟೈತಿ. ಕೆರಿಯಾಕ ಆಗತೈತಿ."

"ಇದು ಕಡ್ಡಿ ಅಲ್ಲ. ಗಿಡ."

ಈರಣ್ಣ ಮತ್ತೊಮ್ಮೆ ನೋಡಿದ. ಕಡ್ಡಿಯೇ.

"ಇರಲಿ," ಅಂದ. "ಆದರ ಜರಡಿ ಕೊಡೂದಿಲ್ಲ. ಗಿರಣಿ ನಿಂತಾಗ ಗಿರಣಿ ಸಾಮಾನು ಹೊರಗ ಹೋಗಬಾರದು. ನಮ್ಮ ಅಪ್ಪನ ಕಾಲದಿಂದ ಹಂಗ. ಪಟ್ಟಾ ಹರದೈತಿ ನೋಡು. ಪಟ್ಟಾ ಹೊಲಿಸಿಕೊಂಡ ಬಾ. ಗಿರಣಿ ತಿರುಗಲಿ. ಜರಡಿ ಕೊಡತೀನಿ."

ಪಟ್ಟಾ ಅಂದರೆ ಗಿರಣಿ ತಿರುಗಿಸುವ ಚರ್ಮದ ಪಟ್ಟಿ. ಈರಣ್ಣ ಅದನ್ನು ತೆಗೆದು ಸಾವಂತ್ರಿಯ ಕೊರಳಿಗೆ ಹಾಕಿದ. ಭಾರ ಇತ್ತು. ಸಾವಂತ್ರಿ ಒಂದು ಕಡೆ ವಾಲಿದಳು. ಆಮೇಲೆ ನೆಟ್ಟಗಾದಳು.

ಗೌಂಡಿ ಕೊಡಲಿಲ್ಲ. ಈರಣ್ಣ ಕೊಡಲಿಲ್ಲ. ಇನ್ನೊಂದು ಎಲೆ ಬಾಡಿತು. ಬಿತ್ತು.

"ಬಿಸಲು ಭಾಳ ಐತಿ," ಅಂತು ಕಡ್ಡಿ.

ಸಾವಂತ್ರಿ ಫ್ರಾಕಿನ ಅಂಚು ಮತ್ತೆ ಅದ್ದಿದಳು. ಹೊರಟಳು.

ಪಟ್ಟಾ ಹೊಲಿಯುವವನು ಯಾರು? ಚಪ್ಪಲಿ ಹೊಲಿಯುವ ಯಮನಪ್ಪ. ಬಸ್ ನಿಲ್ಲುವಲ್ಲಿ ಹರಿದ ಛತ್ರಿ ಕೆಳಗೆ ಕೂರುತ್ತಿದ್ದ. ಅವನು ಊರಿನ ಛತ್ರಿಗಳನ್ನೆಲ್ಲ ಹೊಲಿದುಕೊಟ್ಟಿದ್ದ. ತನ್ನದನ್ನು ಹೊಲಿದುಕೊಂಡಿರಲಿಲ್ಲ. ಸಾವಂತ್ರಿ ಅಲ್ಲಿಗೆ ಹೋದಳು.

"ಯಮನಪ್ಪ ಕಾಕಾ, ಪಟ್ಟಾ ಹೊಲಿ.
ಪಟ್ಟಾ ಗಿರಣಿಗೆ.
ಗಿರಣಿ ತಿರುಗಿದರ ಜರಡಿ.
ಜರಡಿ ಗೌಂಡಿಗೆ.
ಗೌಂಡಿ ಉಸುಕು ಕೊಡತಾನ.
ಉಸುಕು ಗಿಡಕ್ಕ.
ಗಿಡ ಬೇರು ಬಿಡತೈತಿ.
ಆಡು ತಿಂದ ದಾಸಾಳ ತಿರುಗಿ ಬರತೈತಿ."

"ಗಿಡ ಎಲ್ಲೈತಿ?" ಅಂದ ಯಮನಪ್ಪ.

"ಇದ."

"ಛಲೋ ಕಡ್ಡಿ," ಅಂದ ಯಮನಪ್ಪ. "ಇಲ್ಲಿ ಕೊಡ. ದಾರ ಸುತ್ತಿ ಇಡಾಕ ಆಗತೈತಿ."

"ಇದು ಕಡ್ಡಿ ಅಲ್ಲ. ಗಿಡ."

ಯಮನಪ್ಪ ಮತ್ತೊಮ್ಮೆ ನೋಡಿದ. ಕಡ್ಡಿಯೇ.

"ಇರಲಿ," ಅಂದ. ಪಟ್ಟಾ ತಿರುಗಿಸಿ ನೋಡಿದ. ಕಡ್ಡಿ ಮುರಿದ ಹಾಗೆ ಹೇಳಿದ. "ಹೊಲಿಯೂದಿಲ್ಲ."

ಸಾವಂತ್ರಿ ತನ್ನ ಗಿಡವನ್ನು ಬೆನ್ನ ಹಿಂದೆ ಹಿಡಿದುಕೊಂಡಳು.

"ಯಾಕ?" ಅಂದಳು.

"ದಾರಕ್ಕ ಮೇಣ ತಿಕ್ಕಬೇಕು. ಮೇಣ ತಿಕ್ಕದ ದಾರ ನಾಕ ದಿನ ಇರತೈತಿ, ಆಮ್ಯಾಲ ಹರೀತೈತಿ. ಹಂಥಾ ಹೊಲಿಗಿ ನಾ ಹಾಕೂದಿಲ್ಲ. ಮೇಣ ತಗೊಂಡ ಬಾ. ಹೊಲಿದು ಕೊಡತೀನಿ."

ಗೌಂಡಿ ಕೊಡಲಿಲ್ಲ. ಈರಣ್ಣ ಕೊಡಲಿಲ್ಲ. ಯಮನಪ್ಪ ಹೊಲಿಯಲಿಲ್ಲ. ಇನ್ನೊಂದು ಎಲೆ ಬಾಡಿತು. ಬಿತ್ತು.

"ಬಿಸಲು," ಅಂತು ಕಡ್ಡಿ.

ಸಾವಂತ್ರಿ ಫ್ರಾಕಿನ ಅಂಚು ಮತ್ತೆ ಅದ್ದಿದಳು. ಓಡಿದಳು.

ಮೇಣ ಯಾರ ಹತ್ತಿರ ಇತ್ತು? ನಿಂಬೆವ್ವಜ್ಜಿಯ ಹತ್ತಿರ ಇತ್ತು. ನಿಂಬೆವ್ವಜ್ಜಿ ದಿನಾ ಹಣೆಗೆ ಮೊದಲು ಮೇಣ ಹಚ್ಚುತ್ತಿದ್ದಳು. ಅದರ ಮೇಲೆ ಕುಂಕುಮ ಇಡುತ್ತಿದ್ದಳು. ಬೆಳಿಗ್ಗೆ ಇಟ್ಟರೆ ಸಂಜೆವರೆಗೆ ಅಲುಗುತ್ತಿರಲಿಲ್ಲ. ಮೇಣಕ್ಕೆ ಅಂತ ಒಂದು ಸಣ್ಣ ಹಿತ್ತಾಳೆ ಡಬ್ಬಿ ಇತ್ತು. ಸಾವಂತ್ರಿ ಅಲ್ಲಿಗೆ ಹೋದಳು. ಏದುಸಿರು ಬಿಡುತ್ತಲೇ ಹೇಳಿದಳು.

"ನಿಂಬೆವ್ವಜ್ಜಿ, ಮೇಣ ಕೊಡ.
ಮೇಣ ದಾರಕ್ಕ.
ದಾರ ಪಟ್ಟಾಕ್ಕ.
ಪಟ್ಟಾ ಗಿರಣಿಗೆ.
ಗಿರಣಿ ತಿರುಗಿದರ ಜರಡಿ.
ಜರಡಿ ಗೌಂಡಿಗೆ.
ಗೌಂಡಿ ಉಸುಕು ಕೊಡತಾನ.
ಉಸುಕು ಗಿಡಕ್ಕ.
ಗಿಡ ಬೇರು ಬಿಡತೈತಿ.
ಆಡು ತಿಂದ ದಾಸಾಳ ತಿರುಗಿ ಬರತೈತಿ."

"ಗಿಡ ಎಲ್ಲೈತಿ?" ಅಂದಳು ಅಜ್ಜಿ.

"ಇದ."

"ಛಲೋ ಕಡ್ಡಿ," ಅಂದಳು ಅಜ್ಜಿ. "ಇಲ್ಲಿ ಕೊಡ. ಒಲಿಗೆ ಆಗತೈತಿ."

"ಇದು ಕಡ್ಡಿ ಅಲ್ಲ! ಗಿಡ!"

ಅಜ್ಜಿ ಮತ್ತೊಮ್ಮೆ ನೋಡಿದಳು. ಅಜ್ಜಿಗೆ ಕಣ್ಣು ಅಷ್ಟು ಕಾಣುತ್ತಿರಲಿಲ್ಲ. ಆದರೂ ಕಡ್ಡಿಯೇ.

"ಇರಲಿ," ಅಂದಳು. ಹಿತ್ತಾಳೆ ಡಬ್ಬಿ ತೆರೆದು ತೋರಿಸಿದಳು. ಖಾಲಿ. "ಇವತ್ತ ಮುಂಜಾನೆ ಮುಗೀತು. ಬೇವಿನ ಗಿಡದಾಗ ಜೇನು ಅದಾವ. ಅವು ಬಿಟ್ಟ ಹಳೇ ಗೂಡು ಅಲ್ಲೇ ಐತಿ. ಕೇಳದ ಮುಟ್ಟಬ್ಯಾಡ. ಕೇಳಿ ಇಸಕೊಂಡ ಬಾ. ಕಾಯಿಸಿ ಮೇಣ ಮಾಡಿ ಕೊಡತೀನಿ."

ಗೌಂಡಿ ಕೊಡಲಿಲ್ಲ. ಈರಣ್ಣ ಕೊಡಲಿಲ್ಲ. ಯಮನಪ್ಪ ಹೊಲಿಯಲಿಲ್ಲ. ಅಜ್ಜಿಯ ಡಬ್ಬಿ ಖಾಲಿ. ಕೊನೆಯ ಎಲೆ ಬಾಡಿತು. ಬಿತ್ತು.

ಕಡ್ಡಿ ಏನೂ ಅನ್ನಲಿಲ್ಲ.

"ಗಿಡ," ಅಂದಳು ಸಾವಂತ್ರಿ.

ಕಡ್ಡಿ ಏನೂ ಅನ್ನಲಿಲ್ಲ.

"ಬಿಸಲು ಐತೇನು?" ಅಂದಳು ಸಾವಂತ್ರಿ.

ಏನೂ ಅನ್ನಲಿಲ್ಲ. ಸಾವಂತ್ರಿಗೆ ಹೆದರಿಕೆ ಆಯಿತು. ಫ್ರಾಕಿನ ಅಂಚು ಅದ್ದಿದಳು. ಅವಸರಕ್ಕೆ ಅರ್ಧ ನೀರು ಕಾಲ ಮೇಲೆ ಬಿತ್ತು. ಬೇವಿನ ಗಿಡದ ಹತ್ತಿರ ಓಡಿದಳು.

ಬೇವಿನ ಗಿಡದಲ್ಲಿ ಒಂದು ಪೊಟರೆ. ಪೊಟರೆಯ ಬಾಯಲ್ಲಿ ಒಂದು ಮುದಿ ಜೇನು ಕೂತಿತ್ತು. ಸಾವಂತ್ರಿ ದೂರ ನಿಂತಳು. ಕೈ ಮುಗಿದಳು.

"ಜೇನವ್ವ, ಹಳೇ ಗೂಡು ಕೊಡ.
ಗೂಡು ಅಜ್ಜಿಗೆ.
ಅಜ್ಜಿ ಮೇಣ ಕೊಡತಾಳ.
ಮೇಣ ದಾರಕ್ಕ.
ದಾರ ಪಟ್ಟಾಕ್ಕ.
ಪಟ್ಟಾ ಗಿರಣಿಗೆ.
ಗಿರಣಿ ತಿರುಗಿದರ ಜರಡಿ.
ಜರಡಿ ಗೌಂಡಿಗೆ.
ಗೌಂಡಿ ಉಸುಕು ಕೊಡತಾನ.
ಉಸುಕು ಗಿಡಕ್ಕ.
ಗಿಡ ಬೇರು ಬಿಡತೈತಿ.
ಆಡು ತಿಂದ ದಾಸಾಳ ತಿರುಗಿ ಬರತೈತಿ."

"ಗೂಡು ಕೊಡಬಹುದು," ಅಂತು ಜೇನು. "ಆದರ ನಮಗ ಹೂವು ಬೇಕು. ಒಂದು ಮನಿ ಬಾಗಿಲದಾಗ ದಾಸಾಳ ಇತ್ತು. ದಿನಾ ಮುಂಜಾನೆ ಹೋಗತಿದ್ವಿ. ಇವತ್ತೂ ಹೋದ್ವಿ. ಹೂವು ಇರಲಿಲ್ಲ. ಆಡು ಇತ್ತು. ನೀ ಒಂದು ದಾಸಾಳ ತಗೊಂಡ ಬಾ. ಗೂಡು ಕೊಡತೀನಿ."

ಸಾವಂತ್ರಿ ಬೆರಳು ಮಡಚಿದಳು. ಹೂವು ಬೇಕು ಅಂದರೆ ಗಿಡ ಬೇಕು. ಗಿಡಕ್ಕೆ ಉಸುಕು ಬೇಕು. ಉಸುಕಿಗೆ ಜರಡಿ ಬೇಕು. ಜರಡಿಗೆ ಪಟ್ಟಾ ಬೇಕು. ಪಟ್ಟಾಕ್ಕೆ ದಾರ ಬೇಕು. ದಾರಕ್ಕೆ ಮೇಣ ಬೇಕು. ಮೇಣಕ್ಕೆ ಗೂಡು ಬೇಕು. ಗೂಡಿಗೆ ಹೂವು ಬೇಕು. ಹೂವು ಬೇಕು ಅಂದರೆ ಗಿಡ ಬೇಕು. ಒಂದು ಕೈಯ ಬೆರಳು ಮುಗಿದವು. ಇನ್ನೊಂದು ಕೈಯಲ್ಲಿ ಕಡ್ಡಿ ಇತ್ತು.

ಸಾವಂತ್ರಿ ಬೇವಿನ ಬೇರಿನ ಮೇಲೆ ಕೂತಳು. ಅತ್ತಳು. ಈ ಸಲ ಜೋರಾಗಿ ಅಳಲಿಲ್ಲ. ಸುಮ್ಮನೆ ಅತ್ತಳು.

"ನನ್ನ ಕಡೆ ಹೂವು ಇಲ್ಲ," ಅಂದಳು. "ಇದೊಂದ ಐತಿ. ಎಲ್ಲಾರೂ ಕಡ್ಡಿ ಅಂತಾರ."

ಮುದಿ ಜೇನು ಹಾರಿ ಬಂತು. ಕಡ್ಡಿಯ ಮೇಲೆ ಕೂತಿತು. ಕಡ್ಡಿಯ ಮೇಲೆ ನಡೆಯಿತು. ಮೊದಲನೇ ಕಣ್ಣಿನ ಹತ್ತಿರ ನಿಂತಿತು. ನೋಡಿತು. ಎರಡನೇ ಕಣ್ಣಿನ ಹತ್ತಿರ ನಿಂತಿತು. ನೋಡಿತು. ಮೂರನೇ ಕಣ್ಣಿನ ಹತ್ತಿರ ನಿಂತಿತು. ನೋಡಿತು. ನಾಲ್ಕನೇ ಕಣ್ಣಿನ ಹತ್ತಿರ ಬಹಳ ಹೊತ್ತು ನಿಂತಿತು.

"ಇದು ಗಿಡ," ಅಂತು.

"ಏನಂದಿ?" ಅಂದಳು ಸಾವಂತ್ರಿ.

"ಗಿಡ. ಸ್ವಲ್ಪ ಸಣ್ಣದೈತಿ."

ಸಾವಂತ್ರಿ ಮೂಗು ಒರೆಸಿಕೊಂಡಳು.

"ಗೂಡು ಈಗ ಒಯ್ಯಿ," ಅಂತು ಜೇನು. "ಹೂವು ಬಂದಾಗ ನಾವು ಬರತೀವಿ."

ಆಮೇಲೆ ಏನಾಯಿತು?

ಜೇನು ಹಳೇ ಗೂಡು ಕೊಟ್ಟಿತು. ಸಾವಂತ್ರಿ ಗೂಡನ್ನು ಅಜ್ಜಿಗೆ ಕೊಟ್ಟಳು.

ಅಜ್ಜಿ ಒಲೆ ಮೇಲೆ ನೀರಿಟ್ಟಳು. ನೀರಿಗೆ ಗೂಡು ಹಾಕಿದಳು. ಗೂಡು ಅರ್ಧ ಕರಗಿತು. ಬೆಂಕಿ ಆರುತ್ತಾ ಬಂತು. ಅಜ್ಜಿ ಸುತ್ತಮುತ್ತ ನೋಡಿದಳು. ಸೌದೆ ಇಲ್ಲ.

"ಆ ಕಡ್ಡಿ ಕೊಡ," ಅಂದಳು ಅಜ್ಜಿ. "ಒಂದ ಕಡ್ಡಿ ಆದರ ಸಾಕು."

ಸಾವಂತ್ರಿ ಕೊಡಲಿಲ್ಲ. ಊದುಗೊಳವೆ ತೆಗೆದುಕೊಂಡಳು. ಊದಿದಳು. ಕೆಮ್ಮಿದಳು. ಊದಿದಳು. ಮುಖ ಕೆಂಪಾಯಿತು, ಹುಬ್ಬಿಗೆ ಬೂದಿ ಹತ್ತಿತು. ಬೆಂಕಿ ಎದ್ದಿತು. ಮೇಣ ಕರಗಿತು. ಅಜ್ಜಿ ಬಟ್ಟೆಯಲ್ಲಿ ಸೋಸಿದಳು, ಆರಿಸಿದಳು. ತನ್ನ ಡಬ್ಬಿಗೆ ಚೂರು ಇಟ್ಟುಕೊಂಡಳು. ಉಳಿದದ್ದು ಉಂಡೆ ಮಾಡಿ ಕೊಟ್ಟಳು.

ಜೇನು ಗೂಡು ಕೊಟ್ಟಿತು. ಅಜ್ಜಿ ಮೇಣ ಕೊಟ್ಟಳು. ಸಾವಂತ್ರಿ ಮೇಣವನ್ನು ಯಮನಪ್ಪನಿಗೆ ಕೊಟ್ಟಳು.

ಯಮನಪ್ಪ ದಾರಕ್ಕೆ ಮೇಣ ತಿಕ್ಕಿದ. ಒಂದು ಸಲ ತಿಕ್ಕಿದ. ಎರಡು ಸಲ ತಿಕ್ಕಿದ. ದಾರ ಎಳೆದು ನೋಡಿದ. "ಈಗ ಇದು ದಾರ," ಅಂದ. ಪಟ್ಟಾ ಹೊಲಿದ.

ಜೇನು ಗೂಡು ಕೊಟ್ಟಿತು. ಅಜ್ಜಿ ಮೇಣ ಕೊಟ್ಟಳು. ಯಮನಪ್ಪ ಪಟ್ಟಾ ಹೊಲಿದ. ಸಾವಂತ್ರಿ ಪಟ್ಟಾವನ್ನು ಈರಣ್ಣನಿಗೆ ಕೊಟ್ಟಳು.

ಈರಣ್ಣ ಪಟ್ಟಾ ಏರಿಸಿದ. ಗಿರಣಿ ತಿರುಗಿತು. ಡರ್ ಡರ್ ಡರ್. ಹೆಂಗಸರು ಬೈಯುವುದು ನಿಲ್ಲಿಸಲಿಲ್ಲ. ಆದರೆ ಈಗ ಕೇಳಿಸಲಿಲ್ಲ. ಈರಣ್ಣ ಜರಡಿ ಕೊಟ್ಟ.

ಜೇನು ಗೂಡು ಕೊಟ್ಟಿತು. ಅಜ್ಜಿ ಮೇಣ ಕೊಟ್ಟಳು. ಯಮನಪ್ಪ ಪಟ್ಟಾ ಹೊಲಿದ. ಈರಣ್ಣ ಜರಡಿ ಕೊಟ್ಟ. ಸಾವಂತ್ರಿ ಜರಡಿಯನ್ನು ಗೌಂಡಿಗೆ ಕೊಟ್ಟಳು.

ಗೌಂಡಿ ಉಸುಕು ಸೋಸಿದ. ಕಲ್ಲು ಮೇಲೆ ಉಳಿಯಿತು. ಉಸುಕು ಕೆಳಗೆ ಬಿತ್ತು. ಸಾವಂತ್ರಿ ಮನೆಯಿಂದ ಎಣ್ಣೆ ಡಬ್ಬಿ ತಂದಳು. ಗೌಂಡಿ ಅದರ ತಳಕ್ಕೆ ಮೊಳೆಯಿಂದ ಮೂರು ತೂತು ಹೊಡೆದ. "ನೀರು ನಿಂತರ ಕೊಳೀತೈತಿ," ಅಂದ. ಡಬ್ಬಿಗೆ ಉಸುಕು ತುಂಬಿದ. ನೀರು ಚಿಮುಕಿಸಿದ. ಕಡ್ಡಿ ತೆಗೆದುಕೊಂಡ. ಗಾರೆ ಮೆತ್ತುವ ಕರಣಿಯ ಚೂಪಿನಿಂದ ಅದರ ಬುಡವನ್ನು ಓರೆಯಾಗಿ, ಕಣ್ಣಿನ ಕೆಳಗೆ, ಒಂದೇ ಏಟಿಗೆ ಕತ್ತರಿಸಿದ. ಆಡು ಅಗಿದ ಭಾಗ ಹೋಯಿತು. ಆಮೇಲೆ ಕಡ್ಡಿಯ ಸಣ್ಣ ತುದಿ ಕೆಳಗೆ ಮಾಡಿ ಉಸುಕಿಗೆ ಚುಚ್ಚಿದ.

ಸಾವಂತ್ರಿ ಬಗ್ಗಿ ನೋಡಿದಳು.

"ಕಾಕಾ, ಕಣ್ಣು ನೆಲಾ ನೋಡಾಕ ಹತ್ತ್ಯಾವ."

"ಸಣ್ಣ ತುದಿ ಕೆಳಗ," ಅಂದ ಗೌಂಡಿ. "ಗೂಟ ಹಂಗ ಹೊಡೆಯೂದು. ಮೂವತ್ತು ವರ್ಷ ಆತು, ನಾ ಹಂಗ ಹೊಡಿಯಾಕ ಹತ್ತೀನಿ."

"ಇದು ಗೂಟ ಅಲ್ಲ. ಗಿಡ."

ಗೌಂಡಿ ಕಡ್ಡಿ ನೋಡಿದ. ಸಾವಂತ್ರಿಯನ್ನು ನೋಡಿದ. ಕಡ್ಡಿ ಕಿತ್ತ. ತಿರುಗಿಸಿದ. ಓರೆ ಬುಡ ಕೆಳಗೆ, ಕಣ್ಣು ಮೇಲೆ. ಎರಡು ಕಣ್ಣು ಉಸುಕಿನ ಒಳಗೆ ಹೋದವು. ಎರಡು ಕಣ್ಣು ಹೊರಗೆ ಉಳಿದವು. ಈಗ ಅವು ಆಕಾಶ ನೋಡಿದವು.

ಜೇನು ಗೂಡು ಕೊಟ್ಟಿತು. ಅಜ್ಜಿ ಮೇಣ ಕೊಟ್ಟಳು. ಯಮನಪ್ಪ ಪಟ್ಟಾ ಹೊಲಿದ. ಈರಣ್ಣ ಜರಡಿ ಕೊಟ್ಟ. ಗೌಂಡಿ ಉಸುಕು ಕೊಟ್ಟ. ಸಾವಂತ್ರಿ ಡಬ್ಬಿಯನ್ನು ತನ್ನ ಬಾಗಿಲ ಪಕ್ಕ, ಗೋಡೆಯ ನೆರಳಲ್ಲಿ ಇಟ್ಟಳು. ಸುತ್ತ ಮುಳ್ಳು ಇಟ್ಟಳು. ಎದುರಿಗೆ ಕೂತಳು.

ಒಂದು ದಿನ ಆಯಿತು. ಗೌಂಡಿ ಬಂದು ನೋಡಿದ. ಕಡ್ಡಿ.

ಎರಡು ದಿನ ಆಯಿತು. ಈರಣ್ಣ ಬಂದು ನೋಡಿದ. ಕಡ್ಡಿ.

ಮೂರು ದಿನ ಆಯಿತು. ಯಮನಪ್ಪ ಬಂದು ನೋಡಿದ. ಕಡ್ಡಿ.

ನಾಲ್ಕು ದಿನ ಆಯಿತು. ಅಜ್ಜಿ ಬಂದು ನೋಡಿದಳು. ಹತ್ತಿರ ಹೋಗಿ ನೋಡಿದಳು. ಕಡ್ಡಿ.

ಹತ್ತು ದಿನ ಆಯಿತು. ಸಾವಂತ್ರಿಗೆ ತಡೆಯಲಾಗಲಿಲ್ಲ. ಬೇರು ಬಂತೋ ಇಲ್ಲವೋ? ಕಿತ್ತು ನೋಡೋಣ ಅಂತ ಕೈ ಹಾಕಿದಳು.

"ಏ!" ಅಂದ ಗೌಂಡಿ. "ಬುನಾದಿ ಕಿತ್ತು ನೋಡತಾರೇನು?"

"ಏ!" ಅಂದ ಈರಣ್ಣ. "ತಿರುಗೋ ಗಿರಣಿಯಾಗ ಕೈ ಹಾಕತಾರೇನು?"

"ಏ!" ಅಂದ ಯಮನಪ್ಪ. "ಹಾಕಿದ ಹೊಲಿಗಿ ಬಿಚ್ಚಿ ನೋಡತಾರೇನು?"

"ಏ!" ಅಂದಳು ಅಜ್ಜಿ. ಅಜ್ಜಿಗೆ ಬೇರೆ ಏನೂ ಹೊಳೆಯಲಿಲ್ಲ. "ಏ!" ಅಂತ ಇನ್ನೊಮ್ಮೆ ಅಂದಳು.

ಸಾವಂತ್ರಿ ಎರಡೂ ಕೈಗಳ ಮೇಲೆ ಕೂತುಬಿಟ್ಟಳು.

ಇಪ್ಪತ್ತು ದಿನ ಆಯಿತು. ಕಡ್ಡಿ.

ಇಪ್ಪತ್ತೊಂದನೇ ದಿನ ಬೆಳಿಗ್ಗೆ ಸಾವಂತ್ರಿ ಬಾಗಿಲಲ್ಲಿ ಕೂತು ಹಲ್ಲುಜ್ಜುತ್ತಿದ್ದಳು.

"ಸಾವಂತ್ರಿ," ಅಂತು ಯಾರೋ.

ಸಾವಂತ್ರಿ ತಿರುಗಿ ನೋಡಿದಳು. ಯಾರೂ ಇಲ್ಲ.

"ನೀರು," ಅಂತು.

ಸಾವಂತ್ರಿ ಡಬ್ಬಿ ಹತ್ತಿರ ಹೋದಳು. ಮೇಲಿನ ಕಣ್ಣು ಬಿಟ್ಟಿತ್ತು. ಹಸಿರಾಗಿತ್ತು. ಜೋಳದ ಕಾಳಿನಷ್ಟು.

ಸಾವಂತ್ರಿಗೆ ಎಷ್ಟು ಖುಷಿ ಆಯಿತು ಅಂದರೆ ಬಾಯಲ್ಲಿದ್ದ ನೀರು ನುಂಗಿಬಿಟ್ಟಳು. ಓಣಿ ತುಂಬ ಓಡಿದಳು. ಗೌಂಡಿ ಬಂದ. ಈರಣ್ಣ ಬಂದ. ಯಮನಪ್ಪ ಬಂದ. ಅಜ್ಜಿ ಬಂದಳು. ನಾಲ್ವರೂ ಬಗ್ಗಿ ನೋಡಿದರು. ಯಾರೂ ಕಡ್ಡಿ ಅನ್ನಲಿಲ್ಲ.

ಗಿಡ ಗೇಣುದ್ದ ಆಯಿತು. ಮೊಣಕಾಲುದ್ದ ಆಯಿತು. ಸಾವಂತ್ರಿಯ ಎದೆಯುದ್ದ ಆಯಿತು.

ಒಂದು ದಿನ ಗೌಂಡಿ ಬಂದ.

"ಸಾವಂತ್ರಿ, ನನಗೊಂದು ಕಡ್ಡಿ..." ಅಂದ. ನಿಂತ. ಗಂಟಲು ಸರಿ ಮಾಡಿಕೊಂಡ. "ನನಗೊಂದು ಗಿಡ ಕೊಡ."

ಸಾವಂತ್ರಿ ಟೊಂಗೆಯಿಂದ ಒಂದು ಗೇಣುದ್ದ ಕತ್ತರಿಸಿದಳು. ನಾಲ್ಕು ಕಣ್ಣು. ಬುಡ ಓರೆ. ಕೊಟ್ಟಳು. ಈರಣ್ಣ 'ಗಿಡ ಕೊಡ' ಅಂದ. ಕೊಟ್ಟಳು. ಯಮನಪ್ಪ 'ಗಿಡ ಕೊಡ' ಅಂದ. ಕೊಟ್ಟಳು. ಅಜ್ಜಿ 'ಗಿಡ ಕೊಡ' ಅಂದಳು.

"ಒಲಿಗೇನು?" ಅಂದಳು ಸಾವಂತ್ರಿ.

"ಬಾಯಿ ಜೋರಾತು ನಿನ್ನದು," ಅಂದಳು ಅಜ್ಜಿ. ಸಾವಂತ್ರಿ ನಕ್ಕು ಕೊಟ್ಟಳು.

ಮಳೆ ಬಂತು. ಮಳೆ ಹೋಯಿತು. ಚಳಿ ಬಂತು. ಗಿಡ ಸಾವಂತ್ರಿಯ ತಲೆಯುದ್ದ ಆಯಿತು. ಒಂದು ಮೊಗ್ಗು ಬಂತು. ಮೊಗ್ಗು ಉದ್ದ ಆಯಿತು. ಮೊಗ್ಗಿನ ತುದಿ ಕೆಂಪಾಯಿತು. ಒಂದು ಬೆಳಿಗ್ಗೆ ಹೂವು ಬಿಟ್ಟಿತು. ಅದೇ ಕೆಂಪು. ಅದೇ ಹೂವು.

ಸಾವಂತ್ರಿ ಹೂವು ಕೀಳಲಿಲ್ಲ. ಮುಟ್ಟಲೂ ಇಲ್ಲ. ಕಾದಳು.

ಒಂದು ಜೇನು ಬಂತು. ಮುದಿ ಜೇನು ಅಲ್ಲ. ಸಣ್ಣ ಜೇನು. ರೆಕ್ಕೆ ಹೊಸದಾಗಿ ಹೊಳೆಯುತ್ತಿತ್ತು. ಹೂವಿನ ಒಳಗೆ ಹೋಯಿತು. ಮೈಗೆಲ್ಲ ಹಳದಿ ಪುಡಿ ಮೆತ್ತಿಕೊಂಡು ಹೊರಗೆ ಬಂತು.

"ಮುದಿ ಜೇನು ಎಲ್ಲೈತಿ?" ಅಂದಳು ಸಾವಂತ್ರಿ.

"ನಮ್ಮ ಅಜ್ಜಿ ಈಗ ಇಲ್ಲ," ಅಂತು ಸಣ್ಣ ಜೇನು. "ಜೇನು ಅಷ್ಟು ದಿನ ಇರೂದಿಲ್ಲ."

ಸಾವಂತ್ರಿಗೆ ಬಹಳ ಬೇಜಾರಾಯಿತು.

"ಮತ್ತ ನಿನಗ ಇಲ್ಲಿ ಬರಾಕ ಹೆಂಗ ಗೊತ್ತಾತು?" ಅಂದಳು.

"ಅಜ್ಜಿ ನಮ್ಮ ಅವ್ವಗ ಹೇಳಿದ್ಲು. ಅವ್ವ ನನಗ ಹೇಳಿದ್ಲು. ಹುಣಸೆಗಿಡದ ಓಣಿಯಾಗ, ಸಾವಂತ್ರಿ ಬಾಗಿಲದಾಗ, ಒಂದು ಗಿಡ ಐತಿ ಅಂತ."

ಕತೆ ಆಯಿತು. ಏಳಿ ಈಗ. ನನ್ನ ಸೆರಗಿನ ಮೇಲೆ ಕೂತವರು ಯಾರು?